ಲಗಮನ ನಾಲ್ಕು ನಿನ್ನೆಗಳು

ಹಿರೇಗಡ ಅಂತ ಒಂದು ಊರು. ಊರಿಗಿಂತ ಅದರ ಕೋಟೆ ದೊಡ್ಡದು, ಕೋಟೆಗಿಂತ ದುಂಡವ್ವನ ಚಿಂತೆ ದೊಡ್ಡದು. ಆ ಚಿಂತೆಯ ಹೆಸರು ಲಗಮಪ್ಪ. ಅವಳಿಗೆ ಒಬ್ಬನೇ ಮಗ. ವಯಸ್ಸು ಇಪ್ಪತ್ತಾರು, ಮೈ ಎತ್ತಿನದು, ಬುದ್ಧಿ ಎಳೆಗರುವಿನದು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅಂಥ ಮಗನನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂತ ನೀವು ಅನ್ನಬಹುದು. ಒಂದು ದಿನ ಮನೆಯಲ್ಲಿ ಇಟ್ಟುಕೊಂಡು ನೋಡಿ, ಆಮೇಲೆ ಪುಣ್ಯದ ಮಾತು ಆಡೋಣ. ‘ಬಾಗಿಲಲ್ಲಿ ನಿಂತಿರು, ಬರ್ತೀನಿ’ ಅಂತ ಹೇಳಿ ತಾಯಿ ಸಂತೆಗೆ ಹೋದರೆ, ಸಂಜೆಯತನಕ ಬಾಗಿಲಲ್ಲೇ ನಿಂತಿರುತ್ತಿದ್ದ. ಮಳೆ ಬಂದರೆ ಒಳಗೂ ಬರುತ್ತಿರಲಿಲ್ಲ, ಹೊರಗೂ ಹೋಗುತ್ತಿರಲಿಲ್ಲ.

ಲಗಮನ ಅಪ್ಪ ಆ ಕೋಟೆಯ ಗೈಡ್ ಆಗಿದ್ದ. ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿಕೊಂಡು, ಬಂದವರಿಗೆ ಬುರುಜು ತೋರಿಸಿ, ತೋಪು ತೋರಿಸಿ, ಅದರ ಕತೆ ಹೇಳುತ್ತಿದ್ದ. ಮೂರು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡ. ದುಂಡವ್ವ ಕೋಟೆಬಾಗಿಲಲ್ಲಿ ಕುಳಿತು ಸೌತೆಕಾಯಿ ಹೆಚ್ಚಿ, ಉಪ್ಪುಖಾರ ಸವರಿ ಮಾರುತ್ತಿದ್ದಳು. ಹೊಟ್ಟೆಗೆ ಕಡಿಮೆ ಇರಲಿಲ್ಲ. ಮನೆಯಲ್ಲಿ ಕಡಿಮೆ ಇದ್ದದ್ದು ಒಬ್ಬ ಸೊಸೆ. ತಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನಿಗೆ ‘ಮಳೆ ಬಂತು, ಒಳಗ ಬಾ’ ಅನ್ನುವವರು ಯಾರು ಎಂದು ಅವಳು ಹಗಲೂ ಇರುಳೂ ಕೊರಗುತ್ತಿದ್ದಳು. ಹೆಣ್ಣಿನ ಕಡೆಯವರೆಲ್ಲ ಕೇಳುವುದು ಒಂದೇ ಮಾತು: ಹುಡುಗನಿಗೆ ಕೆಲಸ ಏನು? ಹಾಗಾಗಿ ದುಂಡವ್ವ ಒಂದು ಲೆಕ್ಕ ಹಾಕಿದಳು. ಅಪ್ಪನ ಬಿಲ್ಲೆ ಮಗನಿಗೆ ಬಂದರೆ, ಬಿಲ್ಲೆಯ ಹಿಂದೆ ಹೆಣ್ಣೂ ಬರುತ್ತದೆ.

ಬಿಲ್ಲೆಗೆ ಒಂದು ಪರೀಕ್ಷೆ ಇತ್ತು. ಯುಗಾದಿ ಆದ ಮೇಲೆ ದೊಡ್ಡ ಸಾಹೇಬರು ಬರುತ್ತಾರೆ, ಅವರ ಎದುರಿಗೆ ಕೋಟೆಯ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ದುಂಡವ್ವ ಮಗನನ್ನು ಕರೆದುಕೊಂಡು ಗಲಗಲಿ ಮಾಸ್ತರರ ಮನೆಗೆ ಹೋದಳು. ಮಾಸ್ತರರು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಕಲಿಯುವವರು ಸಿಕ್ಕರೆ ಊಟ ಬಿಟ್ಟಾದರೂ ಕಲಿಸುವವರು.

“ನೋಡೋ ಲಗಮಾ, ಗೈಡ್ ಅಂದ್ರ ಆಗಿಹೋದದ್ದನ್ನ ಹೇಳಾಂವ,” ಅಂದರು ಮಾಸ್ತರರು. “ನಮಗ ನಿನ್ನಿ ಅಂದ್ರ ಒಂದ ನಿನ್ನಿ. ಇಂಗ್ಲಿಷಿನ್ಯಾಗ ಹಂಗಲ್ಲ. ಅವರಿಗೆ ನಿನ್ನಿ ನಾಲ್ಕು ನಮೂನಿ ಅದ. ಯಾವ ನಿನ್ನಿ ಯಾವಾಗ ಅನ್ನೂದು ತಿಳಿದ್ರ ಬಿಲ್ಲಿ ನಿಂದ.”

ವಾರಕ್ಕೊಂದು ನಿನ್ನೆಯಂತೆ ಪಾಠ ಶುರುವಾಯಿತು. ಮೊದಲನೆಯ ವಾರ ಮಾಸ್ತರರು ‘ದ ಕಿಂಗ್ ಡೈಡ್’ ಅಂತ ಕಲಿಸಿದರು. ರಾಜ ಸತ್ತ. ಇದು ಪೂರಾ ಮುಗಿದದ್ದು. ಇಂಥದ್ದಕ್ಕೆ ಹೊತ್ತು ಗೊತ್ತು ಹೇಳಬೇಕು, ಕದ ಹಾಕಬೇಕು, ತಿರುಗಿ ನೋಡಬಾರದು. ಲಗಮ ಅದನ್ನೇ ಬಾಯಿಪಾಠ ಮಾಡಿಕೊಂಡ. ಹೊತ್ತು ಹೇಳು, ಕದ ಹಾಕು. ಹೊತ್ತು ಹೇಳು, ಕದ ಹಾಕು.

ಮರುದಿನ ಬೆಳಿಗ್ಗೆ ದುಂಡವ್ವ ಒಲೆಯ ಮೇಲೆ ಹಾಲಿಟ್ಟು, ಹಾಲು ಉಕ್ಕಿ ಬರುವತನಕ ನೋಡುತ್ತಿರು ಅಂತ ಹೇಳಿ ನೀರಿಗೆ ಹೋದಳು. ಲಗಮ ಕಣ್ಣು ಮಿಟುಕಿಸದೆ ನೋಡಿದ. ಹಾಲು ಉಕ್ಕಿ ಬಂತು. ಉಕ್ಕಿತು ಅಂದ ಮೇಲೆ ಮುಗಿಯಿತು. ಗೋಡೆಯ ಗಡಿಯಾರ ನೋಡಿದ, ಏಳೂವರೆ. ಎದ್ದು ಬಂದು ಅಡಿಗೆಮನೆಯ ಕದ ಹಾಕಿ, ಚಿಲಕ ಸಿಕ್ಕಿಸಿ, ಹೊರಗೆ ಕಟ್ಟೆಯ ಮೇಲೆ ಕುಳಿತ. ಒಳಗೆ ಹಾಲು ಒಲೆಗೆ ಸುರಿಯಿತು, ಪಾತ್ರೆಯ ತಳ ಹೊತ್ತಿತು, ಮನೆಯೆಲ್ಲ ಹೊಗೆ. ಅವನು ತಿರುಗಿ ನೋಡಲಿಲ್ಲ. ದುಂಡವ್ವ ಓಣಿಯ ತುದಿಯಲ್ಲೇ ವಾಸನೆ ಹಿಡಿದು ಕೊಡ ಇಟ್ಟು ಓಡಿ ಬಂದಳು.

ಹಾಲು ಏನಾಯಿತೆಂದು ಕೇಳಿದರೆ, ಉಕ್ಕಿತು, ಏಳೂವರೆಗೆ, ಮುಗಿಯಿತು ಅಂದ. ದುಂಡವ್ವ ಹೊಗೆಯಲ್ಲಿ ಕೆಮ್ಮುತ್ತ ಬೈದಳು. “ಉಕ್ಕಿದ್ರ ಮುಗೀತೇನೋ? ಒಲಿ ಇನ್ನೂ ಉರೀತಿರ್ತೈತೆಲ್ಲೋ. ಬಿಸಿ ಇರೂತನಕ ಕದ ತೆರದಿಟ್ಟು ಕಾಯಬೇಕೋ ಪೆದ್ದಾ.”

ಲಗಮ ಇದನ್ನು ಮಾಸ್ತರರಿಗೆ ಹೇಳಿದ. ಮಾಸ್ತರರಿಗೆ ಬಲು ಖುಷಿಯಾಯಿತು. ಹಾಲು ಹೋದದ್ದು ಅವರ ಮನೆಯದಲ್ಲವಲ್ಲ. ಇದೇ ಎರಡನೆಯ ನಿನ್ನೆ, ನಿನ್ನ ತಾಯಿ ನನಗಿಂತ ಚೆನ್ನಾಗಿ ಕಲಿಸಿದ್ದಾಳೆ ಅಂದರು. ‘ದ ವಾಲ್ ಹ್ಯಾಸ್ ಫಾಲನ್.’ ಗೋಡೆ ಬಿದ್ದಿದೆ. ಬಿದ್ದದ್ದು ಯಾವಾಗಲೋ, ಆದರೆ ಕಲ್ಲು ಇವತ್ತಿಗೂ ದಾರಿಯಲ್ಲಿವೆ, ಕಾಲಿಗೆ ತಾಗುತ್ತವೆ. ಇಂಥದ್ದಕ್ಕೆ ಹೊತ್ತು ಹೇಳಬಾರದು, ಕದ ಹಾಕಬಾರದು. ಲಗಮ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಬಂದ. ಹೊತ್ತು ಹೇಳಬಾರದು, ಕದ ಹಾಕಬಾರದು.

ಆ ಶನಿವಾರ ಸಂಜೆ ದುಂಡವ್ವ ಮೂರು ಬುಟ್ಟಿ ಸೌತೆಕಾಯಿ ತಂದು ಪಡಸಾಲೆಯಲ್ಲಿ ಸುರಿದಿದ್ದಳು. ಮರುದಿನ ರವಿವಾರ, ಕೋಟೆಗೆ ಬಸ್ಸುಗಟ್ಟಲೆ ಜನ ಬರುವ ದಿನ. ಮನೆಯಲ್ಲಿ ನಾಲ್ಕು ಆಡುಗಳಿದ್ದವು. ಆಡು ಬಂದಿವೆ, ನೋಡಿಕೋ ಅಂತ ಮಗನಿಗೆ ಹೇಳಿ ಅವಳು ಕಟ್ಟಿಗೆ ತರಲು ಹೋದಳು. ಲಗಮ ವಿಚಾರ ಮಾಡಿದ. ಆಡು ಬಂದಿವೆ. ಬಂದದ್ದು ಆಗಿದೆ, ಆದರೆ ಆಡು ಇನ್ನೂ ಇಲ್ಲೇ ಇವೆ. ಅಂದ ಮೇಲೆ ಕದ ಹಾಕಬಾರದು. ಹಟ್ಟಿಯ ಕದ ತೆರೆದಿಟ್ಟ, ಪಡಸಾಲೆಯ ಕದವನ್ನೂ ತೆರೆದಿಟ್ಟ, ಮೂಲೆಯಲ್ಲಿ ಕುಳಿತು ಪಾಠ ಒಪ್ಪಿಸತೊಡಗಿದ. ಆಡುಗಳಿಗೆ ಇಂಗ್ಲಿಷ್ ಬಾರದಿದ್ದರೂ ತೆರೆದ ಕದ ತಿಳಿಯುತ್ತದೆ. ದುಂಡವ್ವ ಬರುವ ಹೊತ್ತಿಗೆ ಮೂರು ಬುಟ್ಟಿಯಲ್ಲಿ ಉಳಿದದ್ದು ಒಂದಿಷ್ಟು ತೊಟ್ಟು.

ಇವು ಯಾವಾಗ ಹೊರಬಿದ್ದವು ಅಂತ ಕೇಳಿದರೆ, ಹೊತ್ತು ಹೇಳಬಾರದು ಅಂದ. ದುಂಡವ್ವ ಕೈಯಲ್ಲಿದ್ದ ಕಟ್ಟಿಗೆ ಎತ್ತಿದಳು, ಹೊಡೆಯಲು ಮನಸ್ಸು ಬರದೆ ಕೆಳಗಿಟ್ಟಳು.

“ಅವು ತಿನ್ನಾಕತ್ತಾಗ ನೀ ಏನ್ ಮಾಡಾಕತ್ತಿದ್ದಿ?”

“ನೋಡಾಕತ್ತಿದ್ನಿ ಯವ್ವಾ.”

“ನೋಡೂದಲ್ಲೋ. ಒಂದು ನಡದೈತಿ ಅಂದ್ರ ನಡುವ ಹೋಗಿ ನಿಂದರಬೇಕು. ಅದು ಮನಶ್ಯಾ ಮಾಡೂ ಕೆಲಸ.”

ಮೂರನೆಯ ವಾರ ಮಾಸ್ತರರೂ ಅದನ್ನೇ ಹೇಳಬೇಕೇ. ‘ದ ಕಿಂಗ್ ವಾಸ್ ಈಟಿಂಗ್ ವೆನ್ ದ ಎನಿಮಿ ಕೇಮ್.’ ರಾಜ ಉಣ್ಣುತ್ತಿದ್ದ, ಆಗ ಶತ್ರು ಬಂದ. ಒಂದು ನಡೆಯುತ್ತಿರುತ್ತದೆ, ನಡುವೆ ಇನ್ನೊಂದು ಬರುತ್ತದೆ. ನಡುವೆ ಯಾರೂ ಬರದಿದ್ದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ ಅಂದರು. ತಾಯಿಯ ಮಾತೂ ಗುರುವಿನ ಮಾತೂ ಒಂದೇ ಆದ ಮೇಲೆ ಲಗಮನಿಗೆ ಇನ್ನೇನು ಅನುಮಾನ.

ಅದೇ ವಾರ ಕಣವಿಹಾಳದಲ್ಲಿ ಬಳಗದವರ ಮದುವೆ. ಹಿರೇಗಡದಿಂದ ಮೂರು ಮೈಲಿ. ತಾಯಿ ಮಗ ಇಬ್ಬರೂ ಹೋದರು. ಗಂಡಿನ ಮುಂದೆ ಹೆಣ್ಣು, ನಡುವೆ ಅಂತರಪಟ, ಭಟ್ಟರು ಮಂತ್ರ ಹೇಳುತ್ತಿದ್ದಾರೆ, ಜನ ಅಕ್ಷತೆ ಹಿಡಿದು ನಿಂತಿದ್ದಾರೆ. ಲಗಮ ಸುತ್ತಲೂ ನೋಡಿದ. ಒಂದು ನಡೆಯುತ್ತಿದೆ, ನಡುವೆ ಯಾರೂ ಬರುತ್ತಿಲ್ಲ. ಪಾಪ, ಮದುವೆ ಅರ್ಧಕ್ಕೇ ನಿಲ್ಲುತ್ತದಲ್ಲ ಅಂತ ಅವನಿಗೆ ನಿಜವಾಗಿ ಸಂಕಟವಾಯಿತು. ಜನರನ್ನು ಸರಿಸಿಕೊಂಡು ಹೋಗಿ, ಗಂಡು ಹೆಣ್ಣಿನ ನಡುವೆ ಕೈಮುಗಿದು ನಿಂತುಬಿಟ್ಟ. ಅಷ್ಟರಲ್ಲಿ ಅಂತರಪಟ ಸರಿಯಿತು. ತಲೆ ತಗ್ಗಿಸಿದ್ದ ಮದುಮಗಳು ಎದುರಿಗೆ ಕಂಡ ಕಾಲುಗಳನ್ನು ನೋಡಿ ಮಾಲೆ ಎತ್ತಿದಳು. ಮಾಲೆ ಲಗಮನ ಕಿವಿಯವರೆಗೆ ಬಂದಿತ್ತು, ಭಟ್ಟರು ನೋಡಿ ಕೂಗಿದರು.

ಆಮೇಲೆ ಆದ ಗದ್ದಲ ನಾನು ಹೇಳುವುದಿಲ್ಲ. ಗಂಡಿನ ಸೋದರಮಾವ ಅಂಗಿಯ ತೋಳು ಮಡಚಿದ. ದುಂಡವ್ವ ಮುಖಕ್ಕೆ ಸೆರಗು ಹಾಕಿಕೊಂಡಳು. ಅಷ್ಟರಲ್ಲಿ ಒಬ್ಬ ಹುಡುಗಿ ಬಂದು ಲಗಮನ ಅಂಗಿ ಹಿಡಿದು ಎಳೆದುಕೊಂಡು ಹಿತ್ತಲಿಗೆ ಹೋದಳು, ಒಂದು ಮಣೆ ಕೊಟ್ಟು ಕೂರಿಸಿದಳು. ಅವಳು ಚಂಪವ್ವ, ಆ ಊರಿನ ಬಳೆಗಾರ ಈರಪಣ್ಣನ ಮಗಳು. ಅಪ್ಪನ ಜೊತೆ ಬಳೆ ಪೋಣಿಸಿದ ಮಲಾರ ಹೊತ್ತು ಹತ್ತೂರು ತಿರುಗಿದವಳು, ಹತ್ತು ನಮೂನೆಯ ಜನ ಕಂಡವಳು. ಯಾಕೆ ಹೀಗೆ ಮಾಡಿದೆ ಅಂತ ಕೇಳಿದಳು. ಲಗಮ ಹಾಲಿನಿಂದ ಹಿಡಿದು ರಾಜನ ಊಟದವರೆಗೆ ಎಲ್ಲ ಹೇಳಿದ. ಅವಳು ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ನಗು ನಿಲ್ಲಿಸಿ ಅವನನ್ನು ನೋಡಿದಳು.

“ನೀ ಹೇಳಿದಂಗ ಮಾಡೀದಿ,” ಅಂದಳು. “ಹೇಳಿದವರು ಅರ್ಧಾ ಹೇಳ್ಯಾರ. ಅದು ನಿನ್ನ ತಪ್ಪಲ್ಲ.”

ನಿನ್ನ ತಪ್ಪಲ್ಲ ಎಂಬ ಮಾತನ್ನು ಲಗಮ ಹುಟ್ಟಿದಾಗಿನಿಂದ ಯಾರ ಬಾಯಿಂದಲೂ ಕೇಳಿರಲಿಲ್ಲ. ಅಂದಿನಿಂದ ಪ್ರತಿ ಮಂಗಳವಾರ ಹಿರೇಗಡದ ಸಂತೆಗೆ ಬಳೆ ತಂದಾಗ ಚಂಪವ್ವ ಕೋಟೆಬಾಗಿಲಿಗೆ ಬರುತ್ತಿದ್ದಳು. ಸೌತೆಕಾಯಿ ತಿನ್ನುತ್ತ, ಈ ವಾರದ ನಿನ್ನೆ ಯಾವುದು ಅಂತ ಕೇಳುತ್ತಿದ್ದಳು. ಲಗಮ ಹೇಳುತ್ತಿದ್ದ. ಒಂದು ಮಂಗಳವಾರ ಅವಳು, ಬಿಲ್ಲೆ ಬಂದರೆ ನಮ್ಮಪ್ಪನ ಹತ್ತಿರ ಬಂದು ನನ್ನನ್ನು ಕೇಳುತ್ತೀಯಾ ಅಂದಳು. ಕೇಳುತ್ತೇನೆ ಅಂದ. ದುಂಡವ್ವ ಸೌತೆಕಾಯಿ ಹೆಚ್ಚುತ್ತ ಎಲ್ಲ ನೋಡಿದಳು, ಏನೂ ಕಾಣದವಳಂತೆ ಇದ್ದಳು. ಮೂರು ವರ್ಷದಲ್ಲಿ ಅವಳು ನೆಮ್ಮದಿಯಿಂದ ಮಲಗಿದ್ದು ಆ ದಿನಗಳಲ್ಲೇ. ಚಂಪವ್ವನಂಥ ಹುಡುಗಿ ಮನೆಗೆ ಬಂದರೆ, ಮಳೆಯಲ್ಲಿ ನಿಂತವನನ್ನು ಒಳಗೆ ಕರೆಯುವ ಒಂದು ಜೀವ ಇರುತ್ತದೆ.

ಮದುವೆಯ ಮನೆಯ ಮರ್ಯಾದೆಗೇಡಿಗೆ ಮಾತ್ರ ಲಗಮನಿಗೆ ಮಂಗಳಾರತಿ ತಪ್ಪಲಿಲ್ಲ. ಎದ್ದು ಹೋಗಿ ನಿಲ್ಲುವ ಮೊದಲು ಹಿಂದೆ ಏನಾಗಿತ್ತು ನೋಡಬೇಕು, ಮಾತಿಗೂ ಮೊದಲು ಹಿಂದಿನದನ್ನು ತಿಳಿಯಬೇಕು ಅಂತ ದುಂಡವ್ವ ಬುದ್ಧಿ ಹೇಳಿದಳು. ಮಾಸ್ತರರ ನಾಲ್ಕನೆಯ ನಿನ್ನೆಯೂ ಅದಕ್ಕೆ ತಾಳ ಹಾಕಿತು. ‘ದ ಎನಿಮಿ ಹ್ಯಾಡ್ ಕಮ್ ಬಿಫೋರ್ ದ ಗೇಟ್ ಕ್ಲೋಸ್ಡ್.’ ಬಾಗಿಲು ಹಾಕುವ ಮೊದಲೇ ಶತ್ರು ಬಂದಿದ್ದ. ಎರಡು ಸಂಗತಿ ಆಗಿದ್ದರೆ ಮೊದಲು ಆದದ್ದನ್ನು ಬೇರೆ ತೆಗೆದು ಹೇಳಬೇಕು.

ಆ ಪಾಠ ಮುಗಿದ ಹದಿನೈದು ದಿನಕ್ಕೆ ಈರಪಣ್ಣ ಇಬ್ಬರು ಹಿರಿಯರನ್ನು ಕರೆದುಕೊಂಡು ದುಂಡವ್ವನ ಮನೆ ನೋಡಲು ಬಂದ. ಮಗಳು ಹಟ ಹಿಡಿದಿದ್ದಳು. ದುಂಡವ್ವ ಚುರಮುರಿ ಕೊಟ್ಟಳು, ಚಹಾ ಕೊಟ್ಟಳು. ಮಾತು ಚೆನ್ನಾಗಿಯೇ ನಡೆಯಿತು. ಏಳುವ ಮೊದಲು ಈರಪಣ್ಣ ನಗುತ್ತ ಲಗಮನನ್ನು ಕೇಳಿದ, “ಏನಪಾ, ಈ ಸಂಬಂಧ ನಿನಗ ಒಪ್ಪಿಗಿ ಐತೇನು?”

ಐತಿ ಅಂದಿದ್ದರೆ ಸಾಕಿತ್ತು. ನನ್ನ ಕತೆಯೂ ಇಲ್ಲಿಗೆ ಮುಗಿದು, ಎಲ್ಲರೂ ಒಂದು ಹೋಳಿಗೆ ತಿಂದು ಮಲಗಬಹುದಿತ್ತು. ಲಗಮ ಐತಿ ಅಂದ, ಅಂದು ನಿಲ್ಲಿಸಲಿಲ್ಲ. ಇದಕ್ಕೂ ಮೊದಲು ಯವ್ವ ಮೂರು ಹೆಣ್ಣು ನೋಡಿದ್ದಳು, ಮೂವರೂ ಒಲ್ಲೆ ಅಂದಿದ್ದರು ಅಂದ. ಹಿರಿಯರು ನಕ್ಕರು. ಅದಕ್ಕೂ ಮೊದಲು ಅಪ್ಪ ಸತ್ತಿದ್ದ ಅಂದ. ಹಿರಿಯರು ತಲೆಯಾಡಿಸಿದರು. ಅದಕ್ಕೂ ಮೊದಲು, ಅಪ್ಪ ಇದ್ದಾಗ, ಯವ್ವ ನಿನ್ನ ಹತ್ತಿರ ಒಂದು ಡಜನ್ ಬಳೆ ಇಡಿಸಿಕೊಂಡಿದ್ದಳು ಕಾಕಾ, ವಾರದೊಳಗೆ ಎಲ್ಲ ಒಡೆದಿದ್ದವು ಅಂದ. ದುಂಡವ್ವ ಕಣ್ಣಸನ್ನೆ ಮಾಡಿದಳು, ಕೆಮ್ಮಿದಳು, ಹಿಂದಿನಿಂದ ಅಂಗಿ ಜಗ್ಗಿದಳು.

“ಆವಾಗ ಯವ್ವ ಅಂದಿದ್ಲು,” ಅಂತ ಲಗಮ ಪಾಠ ಒಪ್ಪಿಸಿದ. “ಈರಪಣ್ಣನ ಬಳಿ, ಈರಪಣ್ಣನ ಮಾತು, ಎರಡೂ ಒಂದ ವಾರದ ಸಾಮಾನು. ಆ ಮನಿ ನೀರೂ ಕುಡೀಬಾರದು.”

ಈರಪಣ್ಣ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟ. ಅರ್ಧ ಚಹಾ ಅದರಲ್ಲೇ ಇತ್ತು. ಬೈಯಲಿಲ್ಲ, ಜಗಳ ಮಾಡಲಿಲ್ಲ. ಹುಡುಗನಿಗೆ ಬಿಲ್ಲೆ ಬರಲಿ, ಆಮೇಲೆ ನೋಡೋಣ ಅಂತ ಹೇಳಿ ಚಪ್ಪಲಿ ಮೆಟ್ಟಿದ. ಆಮೇಲೆ ನೋಡೋಣ ಅಂದರೆ ಏನು ಅಂತ ನಿಮಗೂ ಗೊತ್ತು, ದುಂಡವ್ವನಿಗೂ ಗೊತ್ತು.

ಅವತ್ತು ದುಂಡವ್ವ ಗಟ್ಟಿಯಾಗಿ ಬೈಯಲಿಲ್ಲ. ಕಂಬಕ್ಕೆ ಆತು ಕುಳಿತು ಅತ್ತಳು. ಆ ಮಾತು ಅವಳೇ ಆಡಿದ್ದು ತಾನೇ. ಬಳೆ ಒಡೆದ ಸಿಟ್ಟಿನಲ್ಲಿ ಆಡಿ ಮರೆತದ್ದು. ಯಾವ ತಾಯಿ ಅಂಥ ನಾಲ್ಕು ಮಾತು ಆಡಿಲ್ಲ ಹೇಳಿ. ಮಗನಿಗೆ ತಾಯಿ ಅಳುವುದನ್ನು ನೋಡಲಾಗಲಿಲ್ಲ. ಇನ್ನು ಏನು ಮಾಡಲಿ ಹೇಳು ಯವ್ವಾ, ಹಾಗೇ ಮಾಡುತ್ತೇನೆ ಅಂತ ಅವಳ ಕಾಲ ಬಳಿ ಕುಳಿತ.

“ಏನೂ ಮಾಡಬ್ಯಾಡ,” ಅಂದಳು ದುಂಡವ್ವ. “ಆಗಿಹೋದದ್ದನ್ನ ಎತ್ತಬ್ಯಾಡ. ಆ ಮನಶ್ಯಾ ಮತ್ತ ಬಂದು ಏನ ಕೇಳ್ಲಿ, ಹಿಂದಿಂದು ಒಂದ ಮಾತು ನಿನ್ನ ಬಾಯಾಗ ಬರಬಾರದು.”

ಆಗಲಿ ಯವ್ವಾ ಅಂದ ಲಗಮ.

ಯುಗಾದಿ ಆಯಿತು, ಸಾಹೇಬರು ಬಂದರು. ಗಲಗಲಿ ಮಾಸ್ತರರು ಕೈ ಹಿಸುಕಿಕೊಳ್ಳುತ್ತ ಹಿಂದೆ ಹಿಂದೆ ನಡೆದರು. ಲಗಮ ಬುರುಜಿನ ಮೇಲೆ ನಿಂತು, ರಾಜ ಸತ್ತದ್ದನ್ನು ಇಸವಿ ಸಮೇತ ಹೇಳಿದ. ಗೋಡೆ ಬಿದ್ದದ್ದನ್ನು ಇಸವಿ ಇಲ್ಲದೆ ಹೇಳಿದ. ಉಣ್ಣುವ ರಾಜನ ನಡುವೆ ಶತ್ರುವನ್ನು ತಂದ, ಬಾಗಿಲು ಹಾಕುವ ಮೊದಲೇ ಶತ್ರು ಬಂದಿದ್ದನ್ನು ಬೇರೆ ತೆಗೆದು ತೋರಿಸಿದ. ಒಂದು ತಪ್ಪಿಲ್ಲ. ಕೋಟೆಯೊಳಗೆ ಎಲ್ಲವೂ ಆಗಿಹೋದದ್ದೇ, ಅಲ್ಲಿ ಲಗಮನಿಂದ ಕೆಡುವುದು ಏನು ಉಳಿದಿತ್ತು? ಸಾಹೇಬರು ಮೆಚ್ಚಿ ತಮ್ಮ ಕೈಯಾರೆ ಬಿಲ್ಲೆ ಕಟ್ಟಿದರು. ಮಾಸ್ತರರ ಕಣ್ಣಲ್ಲಿ ನೀರು ಬಂತು.

ಬಿಲ್ಲೆಯ ಸುದ್ದಿ ಕಣವಿಹಾಳಕ್ಕೆ ಹೋಯಿತು. ಅಲ್ಲಿ ಆಗಲೇ ಚಂಪವ್ವನಿಗೆ ಇನ್ನೊಂದು ಸಂಬಂಧ ಬಂದಿತ್ತು. ಕಿರಾಣಿ ಅಂಗಡಿಯ ಗಂಡು, ಮರುದಿನವೇ ಮಧ್ಯಾಹ್ನ ಅವರ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಚಂಪವ್ವ ಅಪ್ಪನ ಮುಂದೆ ಬಾಯಿ ಬಿಟ್ಟು ಹೇಳಿದಳು: ಲಗಮ ನನಗೆ ಮಾತು ಕೊಟ್ಟಿದ್ದಾನೆ, ಬಿಲ್ಲೆ ಬಂದರೆ ಬಂದು ಕೇಳುತ್ತೇನೆ ಅಂದಿದ್ದಾನೆ. ಈರಪಣ್ಣ ಕೆಟ್ಟವನಲ್ಲ. ದುಂಡವ್ವನ ಹಳೆಯ ಮಾತು ಮನಸ್ಸಿನಲ್ಲಿ ಚುಚ್ಚುತ್ತಿದ್ದರೂ, ಬೆಳಿಗ್ಗೆಯೇ ಎದ್ದು ಮಗಳನ್ನು ಕರೆದುಕೊಂಡು ಮೂರು ಮೈಲಿ ನಡೆದು ಕೋಟೆಬಾಗಿಲಿಗೆ ಬಂದ. ದುಂಡವ್ವ ಸೌತೆಕಾಯಿ ತರಲು ತೋಟಕ್ಕೆ ಹೋಗಿದ್ದಳು. ಲಗಮ ಒಬ್ಬನೇ ಬಿಲ್ಲೆ ಕಟ್ಟಿಕೊಂಡು ನಿಂತಿದ್ದ.

“ನೋಡಪಾ, ನನ್ನ ಮಗಳು ಒಂದು ಮಾತು ಹೇಳ್ಯಾಳ,” ಅಂದ ಈರಪಣ್ಣ. “ಸಂತಿ ದಿನ ನೀವಿಬ್ಬರೂ ಮಾತಾಡ್ತಿದ್ರಿ ಅಂತ, ನೀ ಆಕಿಗೆ ಮಾತು ಕೊಟ್ಟಿದ್ದಿ ಅಂತ. ಅದು ಖರೇನ? ಹೌದ ಅನ್ನು, ಬರೂ ಮಂದೀನ ನಾ ಹೊಳ್ಳಿಸಿ ಕಳಸ್ತೀನಿ.”

ಲಗಮ ಚಂಪವ್ವನನ್ನು ನೋಡಿದ. ಅವಳು ಧೈರ್ಯದಿಂದ ನಿಂತಿದ್ದಳು. ಹೌದು ಅನ್ನಲು ಅವನ ಎದೆಯೊಳಗೆ ಏನೋ ಒದ್ದಾಡಿತು. ಆದರೆ ಕೇಳುತ್ತಿರುವವನು ಆ ಮನುಷ್ಯನೇ, ಕೇಳುತ್ತಿರುವುದು ಹಿಂದಿನದೇ. ತಾಯಿ ಅತ್ತದ್ದು ಕಣ್ಣ ಮುಂದೆ ಬಂತು. ಹಿಂದಿನದು ಏನೂ ಇಲ್ಲ ಕಾಕಾ ಅಂದ. ಮಾತೇ ಆಡಿಲ್ಲವೇ ಅಂತ ಈರಪಣ್ಣ ಮತ್ತೆ ಕೇಳಿದ. ಇಲ್ಲ ಅಂದ. ಹಾಗಾದರೆ ನನ್ನ ಮಗಳು ಸುಳ್ಳಿ ಅಂದ ಹಾಗಾಯಿತು ಅಂತ ಈರಪಣ್ಣ ಕೇಳಿದಾಗ ಲಗಮ ಬಾಯಿ ಬಿಗಿಹಿಡಿದು ನೆಲ ನೋಡಿದ. ಚಂಪವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪನಿಗಿಂತ ಮುಂದಾಗಿ ಹೊರಟುಬಿಟ್ಟಳು.

ಬುಟ್ಟಿ ಹೊತ್ತು ಬಂದ ತಾಯಿಗೆ ಲಗಮ ಎಲ್ಲ ಹೇಳಿದ. ಹಿಂದಿನದು ಒಂದು ಮಾತೂ ಬಾಯಿಂದ ಹೊರಗೆ ಬಿಡಲಿಲ್ಲ ಯವ್ವಾ ಅಂತ ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ದುಂಡವ್ವನ ತಲೆಯ ಮೇಲಿನ ಬುಟ್ಟಿ ಕೆಳಗೆ ಬಿತ್ತು. ಹಣೆ ಚಚ್ಚಿಕೊಂಡಳು. ಅಯ್ಯೋ ನನ್ನ ಬಾಯಿಗೆ ಮಣ್ಣು ಬೀಳಲಿ, ನಾನು ಹೇಳಿದ್ದು ಹಾಗಲ್ಲ ಅಂದಳು. ಈಗ ಅಳುತ್ತ ಕೂರುವ ಹೊತ್ತಲ್ಲ ಅಂತ ಅವಳಿಗೆ ಗೊತ್ತಿತ್ತು. ಮಗನ ಎರಡೂ ತೋಳು ಹಿಡಿದು ಅಲುಗಾಡಿಸಿದಳು.

“ಓಡು. ಆಕಿ ಮುಂದ ನಿಂತು ಹೇಳು. ಮುಂಜಾನಿ ನಾ ಸುಳ್ಳು ಹೇಳಿದ್ನಿ, ಆವಾಗ ನನ್ನ ಮನಸಿನ್ಯಾಗ ನೀನ ಇದ್ದಿ ಅಂತ ಹೇಳು. ಇಷ್ಟ ಹೇಳು, ಮತ್ತೇನೂ ಬ್ಯಾಡ.”

ಲಗಮ ಓಡಿದ. ಮೂರು ಮೈಲಿ, ಚೈತ್ರದ ಬಿಸಿಲು, ಬಾಯಲ್ಲಿ ಅದೇ ಮಾತು. ಕಣವಿಹಾಳ ಮುಟ್ಟಿದಾಗ ಈರಪಣ್ಣನ ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಕಿರಾಣಿ ಅಂಗಡಿಯವರು ಬಂದು ಕುಳಿತಿದ್ದರು, ಹವಾ ಹೇಗಿದೆ ಬೆಳೆ ಹೇಗಿದೆ ಎಂಬ ಮಾತು ನಡೆದಿತ್ತು. ಲಗಮ ಹಿತ್ತಲಿಗೆ ಹೋದ. ಚಂಪವ್ವ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಹೊಸ ಸೀರೆ ಉಡಿಸಿದ್ದರು, ತಲೆಗೆ ಹೂ ಇನ್ನೂ ಮುಡಿಸಿರಲಿಲ್ಲ. ಅವನು ಏದುಸಿರು ಬಿಡುತ್ತ, ತಾಯಿ ಹೇಳಿದ್ದನ್ನು ಒಂದಕ್ಷರ ಹೆಚ್ಚಿಲ್ಲದೆ ಒಂದಕ್ಷರ ಕಡಿಮೆ ಇಲ್ಲದೆ ಹೇಳಿದ.

ಚಂಪವ್ವ ಅವನ ಕಡೆ ತಿರುಗಿದಳು. ಸಿಟ್ಟು ಇಳಿಯುತ್ತ ಇಳಿಯುತ್ತ ಅವಳ ಮುಖ ಮದುವೆಯ ಮನೆಯಲ್ಲಿ ಕಂಡ ಹಾಗೆಯೇ ಆಯಿತು. ಅವಳು ಕೇಳಿದ್ದು ಇಷ್ಟೇ.

“ಆವಾಗ ನಾ ಇದ್ದೆ. ಈಗ?”

ಲಗಮ ಪಾಠಗಳನ್ನೆಲ್ಲ ನೆನೆದ. ಮಾಸ್ತರರ ನಾಲ್ಕು ಪಾಠದಲ್ಲೂ ‘ಈಗ’ ಎಂಬುದು ಇರಲಿಲ್ಲ. ಬೆಳಿಗ್ಗೆ ಒಮ್ಮೆ ಇವಳ ಮುಂದೆ ತಪ್ಪು ಹೇಳಿ ಇವಳನ್ನು ಅಳಿಸಿಯಾಗಿತ್ತು. ಇನ್ನೊಮ್ಮೆ ತಪ್ಪು ಹೇಳಬಾರದು ಅಂತ ಅವನಿಗೆ ಹೆದರಿಕೆ.

“ಈಗಿಂದು ಯವ್ವ ಹೇಳಿಲ್ಲ,” ಅಂದ. “ಕೇಳ್ಕೊಂಡ ಬರ್ತೀನಿ. ಹಿಂಗ ಹೋಗಿ ಹಂಗ ಬರ್ತೀನಿ.”

ಅವಳು ಲಗಮಾ ಅಂತ ಕರೆದಳು. ಅವನು ಆಗಲೇ ಬೇಲಿ ದಾಟಿದ್ದ. ಇವಳಿಗೆ ಸರಿಯಾದ ಮಾತು ತಂದುಕೊಡಬೇಕೆಂದು ಅವನ ಕಾಲಿಗೆ ರೆಕ್ಕೆ ಬಂದಿತ್ತು.

ಮತ್ತೆ ಮೂರು ಮೈಲಿ. ಮಗ ಒಬ್ಬನೇ ಬಂದದ್ದನ್ನು ಕಂಡು ದುಂಡವ್ವ ಏನಾಯಿತು ಅಂದಳು. ಆಕೆ ‘ಈಗ?’ ಅಂತ ಕೇಳಿದಳು ಯವ್ವಾ, ಈಗ ನನ್ನ ಮನಸ್ಸಿನಲ್ಲಿ ಯಾರಿದ್ದಾರೆ ಅಂತ ಲಗಮ ಕೇಳಿದ. ಇಪ್ಪತ್ತಾರು ವರ್ಷ ಇವನಿಗೆ ನಿಲ್ಲು ಅಂದೆ, ಕೂಡು ಅಂದೆ, ನಿನ್ನ ಮನಸ್ಸು ನೋಡಿಕೋ ಅಂತ ಒಂದು ದಿನವೂ ಅನ್ನಲಿಲ್ಲವಲ್ಲ ಅಂತ ದುಂಡವ್ವನಿಗೆ ಆಗ ಹೊಳೆಯಿತು. ಹೊತ್ತು ಮೀರಿ ಹೊಳೆದದ್ದರಿಂದ ಯಾರಿಗೆ ಏನು ಉಪಯೋಗ? ಮಗನ ಮುಖದ ಬೆವರು ಸೆರಗಿನಿಂದ ಒರೆಸಿದಳು.

“ಅದನ್ನ ನನ್ನ ಕೇಳಬ್ಯಾಡಪಾ. ನಿನ್ನ ಎದಿಯಾಗ ಏನೈತೋ ಅದನ್ನ ಹೇಳು ಹೋಗು.”

ಮೂರನೆಯ ಸಲ ಆ ದಾರಿ. ಈ ಸಲ ಬಾಯಲ್ಲಿ ಇಟ್ಟುಕೊಂಡು ಹೋಗಲು ಯಾರ ಮಾತೂ ಇರಲಿಲ್ಲ. ಲಗಮ ಮೊದಲು ಗಾಬರಿಯಾದ, ಆಮೇಲೆ ತನ್ನ ಎದೆಯೊಳಗೆ ಹುಡುಕಿದ. ಹಳ್ಳ ದಾಟುವ ಹೊತ್ತಿಗೆ ಸಿಕ್ಕಿತು. ಈಗಲೂ ನೀನೇ. ಯಾವ ಮಾಸ್ತರರೂ ಕಲಿಸದ ಮಾತು, ತಾಯಿ ಹೇಳಿಕೊಡದ ಮಾತು. ಅವನ ಹುಟ್ಟಿನಲ್ಲೇ ಅದು ಅವನ ಮೊದಲನೆಯ ಸ್ವಂತ ಮಾತು. ಈಗಲೂ ನೀನೇ, ಈಗಲೂ ನೀನೇ ಅಂತ ಹೊಲದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳುತ್ತ ಓಡಿದ. ಇದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ. ನಿಮಗೆ ಬಂದರೆ ನಕ್ಕುಬಿಡಿ.

ಆ ಕಡೆ ಒಂದು ವಾಡಿಕೆ ಇದೆ. ಸಂಬಂಧ ಗಟ್ಟಿಯಾದರೆ, ಮನೆಯ ಹಿರಿಯ ಹೆಂಗಸು ತಾಟಿನಲ್ಲಿ ಸಕ್ಕರೆ ಹಿಡಿದು ತಲೆಬಾಗಿಲಲ್ಲಿ ನಿಲ್ಲುತ್ತಾಳೆ. ಬಂದವರ ಬಾಯಿಗೆಲ್ಲ ತನ್ನ ಕೈಯಾರೆ ಸಕ್ಕರೆ ಹಾಕುತ್ತಾಳೆ. ಸಕ್ಕರೆ ತಿಂದವನು ಆ ಸಂಬಂಧಕ್ಕೆ ಒಪ್ಪಿದವನು. ತಿಂದ ಮೇಲೆ ಅದರ ವಿರುದ್ಧ ಮಾತಾಡುವಂತಿಲ್ಲ. ತಿನ್ನದೆ ಕೈ ಅಡ್ಡ ಹಿಡಿದರೆ ಮಾತ್ರ, ಏನು ತಕರಾರು ಅಂತ ಹಿರಿಯರು ಎದ್ದು ಬಂದು ಕೇಳಲೇಬೇಕು. ಒಂದು ಕೈ ಅಡ್ಡ ಬಂದರೂ ಆ ಮಾತು ಅವತ್ತು ಮುಗಿಯುವುದಿಲ್ಲ.

ಲಗಮ ಬಾಗಿಲಿಗೆ ಬಂದಾಗ ಈರಪಣ್ಣನ ಅಕ್ಕ ತಾಟು ಹಿಡಿದು ನಿಂತಿದ್ದಳು. ತಾಟಿನ ತಳದಲ್ಲಿ ಇನ್ನೂ ಒಂದು ಹಿಡಿ ಸಕ್ಕರೆ ಇತ್ತು. ಒಳಗೆ ಚಂಪವ್ವ ಹೂ ಮುಡಿದು, ಬಾಗಿಲ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಲಗಮನನ್ನು ಕಂಡವಳೇ ಅರ್ಧ ಎದ್ದಳು. ಅವನೂ ಅವಳನ್ನು ಕಂಡ. ಆ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

“ಬಾರಪಾ, ಓಡಿ ಬಂದೀಯಲ್ಲ. ಬಾಯಿ ತಗಿ,” ಅಂದಳು ಮುದುಕಿ.

ಬಾಯಿ ತೆರೆ ಅಂದರು, ಲಗಮ ತೆರೆದ. ಮುದುಕಿ ಉಳಿದಿದ್ದ ಸಕ್ಕರೆಯನ್ನೆಲ್ಲ ಅವನ ಬಾಯಿಗೆ ಸುರಿದು, ಒಂದು ಕಾಳೂ ಕೆಳಗೆ ಬೀಳಬಾರದು, ಬಾಯಿ ಮುಚ್ಚು ಅಂದಳು. ಲಗಮ ಮುಚ್ಚಿದ.

ಚಂಪವ್ವ ನಿಂತೇ ನೋಡುತ್ತಿದ್ದಳು. ಈಗ ಉಗುಳುತ್ತಾನೆ, ಈಗ ಏನೋ ಅನ್ನುತ್ತಾನೆ ಅಂತ ಕಾದಳು. ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣ ತುಂಬ ನೀರು ತುಂಬಿಕೊಂಡು, ಲಗಮ ಹೊಸ್ತಿಲ ಆಚೆ ಹಾಗೇ ನಿಂತಿದ್ದ. ಅವಳು ಕುಳಿತಳು. ಹಿರಿಯರು ಎಲೆ ಅಡಿಕೆ ಬದಲು ಮಾಡಿಕೊಂಡರು. ಬಿಸಿಲು ಇಳಿಯಿತು. ಸಕ್ಕರೆ ಯಾವಾಗಲೋ ಕರಗಿತ್ತು. ಲಗಮ ಬಾಯಿ ತೆರೆಯಲಿಲ್ಲ, ತೆರೆ ಅಂತ ಅವನಿಗೆ ಯಾರೂ ಹೇಳಲಿಲ್ಲ.